ಹದಿನೇಳನೆಯ ಮನೆಯ ಹೆಪ್ಪು

ಹತ್ತೊಂಬತ್ತು ವರ್ಷ ನನ್ನ ಅತ್ತೆಯ ಕಣ್ಣಿಗೆ ಬೀಳದ ನನ್ನದೊಂದು ಸುಳ್ಳನ್ನು ಕೊಲ್ಹಾಪುರದ ಲ್ಯಾಬೊಂದು ಹಿಡಿದುಹಾಕಿತು.

ಎಂಥ ಸುಳ್ಳು ಅಂತೀರಾ? ಮೊಸರಿನದು. ನಗಬೇಕೆನಿಸಿದರೆ ಈಗಲೇ ನಕ್ಕುಬಿಡಿ. ಮುಂದೆ ನಗುವಂಥದ್ದು ಹೆಚ್ಚೇನಿಲ್ಲ.

ಎರಡು ತಿಂಗಳ ಹಿಂದಿನ ಮಾತು. ಶಾಲೆಯ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚಿದ್ದೆ. (ಗಡಹಿಂಗ್ಲಜದ ಒಂದು ಹೈಸ್ಕೂಲಿನಲ್ಲಿ ನಾನು ಇತಿಹಾಸ ಕಲಿಸುತ್ತೇನೆ, ಹಳೆಯ ಓದುಗರಿಗೆ ಗೊತ್ತು.) ಫೋನು ಬಂತು. ಸ್ನೇಹಲ. ನನ್ನ ಗಂಡನ ಅಕ್ಕ ಸುಜಾತಕ್ಕನ ಮಗಳು, ಇಚಲಕರಂಜಿಯ ಹುಡುಗಿ. ನಾಲ್ಕು ವರ್ಷದಿಂದ ಕೊಲ್ಹಾಪುರದಲ್ಲಿ ಮೈಕ್ರೋಬಯಾಲಜಿಯಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ.

"ಮಾಮಿ, ನನ್ನ ಕೈಯಾಗ ಏನೋ ದೋಷ ಐತ್ರಿ," ಅಂದಳು. ಹಲೋ ಅನ್ನಲಿಲ್ಲ, ಊಟ ಆತೇನ್ರಿ ಅನ್ನಲಿಲ್ಲ.

"ಯಾಕವಾ? ಏನಾತು?"

"ನಿಮ್ಮ ಮನಿ ಸ್ಯಾಂಪಲ್ ಐತಲ್ರಿ, ಅದರಾಗ ಪಾಕೀಟ ಮೊಸರಿನ ಬ್ಯಾಕ್ಟೀರಿಯಾ ಬಂದಾವ. ಅಜ್ಜಿ ಹೆಪ್ಪಿನ್ಯಾಗ! ಹ್ಯಾಂಗ ಸಾಧ್ಯ ಐತ್ರಿ? ಲ್ಯಾಬಿನ್ಯಾಗ ನಾನ ಎಲ್ಲೋ ಕಲಬೆರಕಿ ಮಾಡೇನಿ."

ಕೈಯಲ್ಲಿದ್ದ ರೊಟ್ಟಿಯ ತುತ್ತು ಕೈಯಲ್ಲೇ ಉಳಿಯಿತು. ಅವಳು ಕಲಬೆರಕೆ ಮಾಡಿರಲಿಲ್ಲ. ಮಾಡಿದವಳು ನಾನು. ಅದನ್ನು ಆ ಕ್ಷಣವೇ ಹೇಳಿಬಿಡಬಹುದಿತ್ತು. ಪಕ್ಕದಲ್ಲಿ ಕುಳಿತಿದ್ದ ಡ್ರಾಯಿಂಗ್ ಮಾಸ್ತರರು ಉಪ್ಪಿನಕಾಯಿ ಬೇಕೇ ಅಂತ ಕೇಳಿದರು, ನಾನು ಬೇಡ ಅಂದೆ, ಅಷ್ಟರಲ್ಲಿ ಧೈರ್ಯ ಹೋಯಿತು.

ಸ್ನೇಹಲಳ ಕೆಲಸ ಏನು ಅನ್ನುವುದನ್ನು ಮೊದಲು ಹೇಳುತ್ತೇನೆ. ನಿನ್ನೆಯ ಮೊಸರಿನ ಒಂದು ಚಮಚ ಇವತ್ತಿನ ಹಾಲಿಗೆ. ಇವತ್ತಿನದು ನಾಳೆಗೆ. ಅದೇ ಹೆಪ್ಪು. ನಮ್ಮ ಮರಾಠಿ ನೆರೆಯವರು ವಿರಜಣ ಅನ್ನುತ್ತಾರೆ. ಹೀಗೆ ದಿನವೂ ಹಾಕುತ್ತ ಹೋದರೆ ಅತ್ತೆಯ ಕೈಯಿಂದ ಸೊಸೆಯ ಕೈಗೆ, ಅವಳಿಂದ ಅವಳ ಸೊಸೆಗೆ, ಒಂದೇ ಹೆಪ್ಪು ನಡೆದುಕೊಂಡು ಬರುತ್ತದೆ. ಒಂದೊಂದು ಹಳೆಯ ಹೆಪ್ಪಿನಲ್ಲಿ ಒಂದೊಂದು ಬಗೆಯ ಜೀವಾಣು ಇರುತ್ತವಂತೆ. ಅಂಗಡಿಯ ಪಾಕೀಟು ಬಂದ ಮೇಲೆ ಎಲ್ಲ ಮನೆಯ ಗಡಿಗೆಯಲ್ಲೂ ಕಂಪನಿಯವರು ಸಾಕಿದ ಎರಡೋ ಮೂರೋ ಜಾತಿ ಮಾತ್ರ ಉಳಿದರೆ? "ಪೂರ್ತಿ ಹೋಗೂದ್ರೊಳಗ ಹಿಡದಿಡಬೇಕ್ರಿ ಮಾಮಿ," ಅನ್ನುತ್ತಿದ್ದಳು. ಮೂವತ್ತು ವರ್ಷಕ್ಕಿಂತ ಹಳೆಯದಾದ, ನಡುವೆ ಒಮ್ಮೆಯೂ ತಪ್ಪದ ಹೆಪ್ಪಿರುವ ನಲವತ್ತು ಮನೆ ಹುಡುಕಿ, ಆ ಜೀವಾಣುಗಳನ್ನು ಬೇರೆ ಮಾಡಿ, ಹೆಸರು ಹಿಡಿದು, ಕಾಪಿಡುವುದು ಅವಳ ಪಿಎಚ್.ಡಿ.

ನೆಂಟರಿಗೆ ಇದು ತಿಳಿಯಲಿಲ್ಲ. ಕಾಗಲದ ಒಂದು ಮದುವೆಯಲ್ಲಿ ದೂರದ ಕಾಕಾ ಒಬ್ಬರು, "ಮೊಸರ ಮಾಡೂದ ಕಲಿಯಾಕ ಐದ ವರ್ಷ ಬೇಕೇನವಾ?" ಅಂತ ಕೇಳಿ ಪಂಕ್ತಿಯನ್ನೆಲ್ಲ ನಗಿಸಿದ್ದರು. ಅವಳೂ ನಕ್ಕಳು. ಇನ್ನೊಬ್ಬರು ಡಾಕ್ಟರಾಗುತ್ತಾಳಲ್ಲ ಅಂತ ಮೊಣಕಾಲು ನೋವಿನ ಚೀಟಿ ತೋರಿಸಿದರು. ಅದಕ್ಕೂ ನಕ್ಕಳು. ಎಸ್‌ಟಿ ಬಸ್ಸಿನಲ್ಲಿ ತೊಡೆಯ ಮೇಲೆ ಥರ್ಮಾಕೋಲಿನ ಡಬ್ಬಿ ಇಟ್ಟುಕೊಂಡು ಕುಳಿತರೆ ಕಂಡಕ್ಟರ್ ಮೀನೇ ಅಂತ ಕೇಳುತ್ತಿದ್ದ. ಇಚಲಕರಂಜಿಯಿಂದ ಕೊಲ್ಹಾಪುರಕ್ಕೆ ದಿನವೂ ಹೋಗಿ ಬರುವುದು. ವಾರಗಟ್ಟಲೆ ಕಾದ ಮೇಲೆ ಗಾಜಿನ ತಟ್ಟೆಯಲ್ಲಿ ಬೂಷ್ಟು ಬೆಳೆದಿದ್ದರೆ ಎಲ್ಲ ಚೆಲ್ಲಿ ಮತ್ತೆ ಮೊದಲಿನಿಂದ. ಇಪ್ಪತ್ತೆಂಟು ವಯಸ್ಸು. ಬಂದ ಸಂಬಂಧಗಳನ್ನೆಲ್ಲ ಸುಜಾತಕ್ಕ "ಥೀಸಿಸ್ ಮುಗೀಲಿ" ಅಂತ ವಾಪಸ್ಸು ಕಳಿಸುತ್ತಿದ್ದರು.

ಎರಡು ವರ್ಷದ ಹಿಂದೆ ಕೋವಾಡ, ಕಾಗಲ ಮುಗಿಸಿ ಗಡಹಿಂಗ್ಲಜಕ್ಕೆ ಬಂದಳು. ಒಂದೇ ದಿನ ಹನ್ನೊಂದು ಮನೆ. ಅವಳ ಪಟ್ಟಿಯಲ್ಲಿ ನಮ್ಮದು ಹದಿನೇಳನೆಯದು.

ಅತ್ತೆ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದರು. ಎಪ್ಪತ್ತಾರು ದಾಟಿದ ಜೀವ. ಮೊಮ್ಮಗಳು ಫಾರ್ಮ್ ಹಿಡಿದು ಕೇಳಿದ್ದೇ ತಡ, ಸೆರಗು ಸರಿಮಾಡಿಕೊಂಡು ಸಾಕ್ಷಿ ಹೇಳುವವರ ಹಾಗೆ ಹೇಳಿದರು.

"ನಮ್ಮ ಅತ್ತಿ ಕೈಯಿಂದ ನನ್ನ ಕೈಗೆ ಬಂದದ್ದವಾ ಇದು. ಐವತ್ತೆರಡ ವರ್ಷಾತು. ಒಂದ ದಿನಾ ತಪ್ಪಿಲ್ಲ. ಓಣಿಗೆಲ್ಲಾ ನಮ್ಮನಿ ಹೆಪ್ಪ. ಬರಕೋ."

ಸ್ನೇಹಲ ಬರೆದುಕೊಂಡು ನನ್ನ ಕಡೆ ತಿರುಗಿದಳು. "ಈಗ ಹೆಪ್ಪ ಹಾಕಾಕಿ ನೀವಲ್ರಿ ಮಾಮಿ. ನಡುವ ಯಾವಾಗರೆ ಕೆಟ್ಟಿತ್ತೇನ್ರಿ? ಹೊರಗಿಂದ ತಂದಿದ್ರೇನು?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಉತ್ತರ ಕೊಟ್ಟರು. "ಆಕಿ ಬಗ್ಗೆ ಏನ್ ಕೇಳ್ತಿ? ರೊಟ್ಟಿ ಬಡಿಯಾಕ ಬರಂಗಿಲ್ಲ, ಸಾಲಿ ಸಾಲಿ ಅಂತ ತಿರಗ್ತಾಳ. ಆದ್ರ ಹೆಪ್ಪ ಮಾತ್ರ ಭಾಳ ಜ್ವಾಪಾನ ಮಾಡ್ಯಾಳ ನೋಡ." ಅಂದು ನನ್ನತ್ತ ನೋಡಿದರು.

ಈ ಮನೆಗೆ ಬಂದ ಮೇಲೆ ಅತ್ತೆ ನನ್ನನ್ನು ಹೊಗಳಿದ್ದು ಈ ಒಂದೇ ವಿಷಯಕ್ಕೆ. ಈಗ ನೀವೇ ಹೇಳಿ, ನನ್ನ ಜಾಗದಲ್ಲಿ ನೀವಿದ್ದರೆ ಏನು ಹೇಳುತ್ತಿದ್ದಿರಿ?

"ಇಲ್ಲವಾ," ಅಂದೆ. ಹುಡುಗಿ ಟಿಕ್ ಹಾಕಿದಳು. ಕೆಳಗೆ ನನ್ನ ಸಹಿ ತೆಗೆದುಕೊಂಡಳು.

ಪಕ್ಕದ ಮನೆ ಮಾಲವ್ವನಲ್ಲಿಗೂ ಹೋಗಿದ್ದಳು. ಮಾಲವ್ವ ಎರಡು ಮಾತಿನಲ್ಲಿ ಮುಗಿಸಿದಳಂತೆ: "ನಮ್ಮದ ನಿಮ್ಮ ಅಜ್ಜಿ ಕೊಟ್ಟದ್ದವಾ. ನಾ ಮದಿವಿಯಾಗಿ ಬಂದ ವರ್ಷ ಇಸಗೊಂಡೇನಿ, ಅದನ್ನ ಕಾಯ್ಕೊಂಡ ಬಂದೇನಿ. ಅಲ್ಲೇ ತಗೋ ಹೋಗ." ಒಂದೇ ಹೆಪ್ಪನ್ನು ಎರಡು ಸಲ ಯಾಕೆ ಅಂತ ಸ್ನೇಹಲ ಆ ಮನೆ ಬಿಟ್ಟಳು. ನಿಜ ಹೇಳಿದವಳು ಪಟ್ಟಿಯಿಂದ ಹೊರಗೆ ಹೋದಳು, ಸುಳ್ಳು ಹೇಳಿದ ನಾನು ಒಳಗೆ ಉಳಿದೆ.

ಹತ್ತೊಂಬತ್ತು ವರ್ಷದ ಹಿಂದೆ ಆದದ್ದು ಇಷ್ಟು. ಸುಜಾತಕ್ಕನ ಎರಡನೆಯ ಬಾಣಂತನಕ್ಕೆ ಅತ್ತೆ ಇಚಲಕರಂಜಿಗೆ ಹೋಗಿದ್ದರು. ನಾನು ಹೊಸ ಸೊಸೆ. ಬಸ್ಸು ಹತ್ತುವಾಗ ಗಂಡನನ್ನು ನೋಡಿಕೊ ಅನ್ನಲಿಲ್ಲ, ಹೆಪ್ಪು ನೋಡಿಕೊ ಅಂದರು. ಮೇ ತಿಂಗಳ ಬಿಸಿಲು. ಒಂದು ಮಧ್ಯಾಹ್ನ ಕಾಗಲದಿಂದ ನಮ್ಮವರ ಗೆಳೆಯರು ಆರು ಜನ ಹೇಳದೆ ಕೇಳದೆ ಬಂದಿಳಿದರು. ಪಾವಣ್ಯಾರು ಬಂದರೆ ಬರೀ ನೀರು ಕೊಡಲಾದೀತೇ? ಇದ್ದಬದ್ದ ಮೊಸರನ್ನೆಲ್ಲ ಕಡೆದು ಮಜ್ಜಿಗೆ ಮಾಡಿ, ಜೀರಿಗೆ ಹಾಕಿ ಕೊಟ್ಟೆ. ಇನ್ನೊಂದು ಲೋಟ ಇನ್ನೊಂದು ಲೋಟ ಅಂತ ಕುಡಿದರು. ಸಂಜೆ ಗಡಿಗೆ ತಿಕ್ಕಿ ಬೋರಲು ಹಾಕಿದೆ. ಮರುದಿನ ಹಾಲು ಉಗುರುಬೆಚ್ಚಗೆ ಮಾಡಿ ಗಡಿಗೆ ತೂಗುಹಾಕುವ ನೆಲವಿನ ಕಡೆ ಕೈ ಚಾಚಿದಾಗಲೇ ನೆನಪಾದದ್ದು.

ಎದೆ ಧಸಕ್ ಅಂತು ನೋಡಿ. ಇವತ್ತು ಬರೆಯುವಾಗಲೂ ಆ ಖಾಲಿ ನೆಲವು ಕಣ್ಣಿಗೆ ಕಾಣುತ್ತದೆ.

ಮಾಲವ್ವನ ಮನೆ ಹತ್ತು ಹೆಜ್ಜೆ ಆಚೆ. ಅವಳ ಗಡಿಗೆಯಲ್ಲಿದ್ದದ್ದು ನಮ್ಮದೇ ಹೆಪ್ಪು. ಒಂದು ಚಮಚ ಬೇಡಿದ್ದರೆ ನಮ್ಮದು ನಮಗೇ ಬರುತ್ತಿತ್ತು, ಏನೂ ತಪ್ಪುತ್ತಿರಲಿಲ್ಲ. ಆದರೆ ಓಣಿಗೆಲ್ಲ ಹೆಪ್ಪು ಕೊಡುವ ಮನೆಯ ಸೊಸೆ ಬಟ್ಟಲು ಹಿಡಿದು ಇನ್ನೊಬ್ಬರ ಬಾಗಿಲಿಗೆ ಹೋಗುವುದೇ? ಅತ್ತೆ ಬಂದ ದಿನವೇ ಮಾಲವ್ವ ಹೇಳದೆ ಬಿಡುತ್ತಾಳೆಯೇ? ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಿಂದ ಒಂದು ಕಪ್ ಮೊಸರು ತಂದೆ. ವ್ಯಾನಿಟಿ ಬ್ಯಾಗಿನಲ್ಲಿ, ಮಕ್ಕಳ ಪರೀಕ್ಷೆಯ ಪೇಪರುಗಳ ಕೆಳಗೆ ಮುಚ್ಚಿಕೊಂಡು.

ಮೊಸರು ಚೆನ್ನಾಗಿಯೇ ಆಯಿತು. ತಿಂಗಳು ಬಿಟ್ಟು ಬಂದ ಅತ್ತೆ ಬೆರಳಿಗೆ ಹಚ್ಚಿ ನೆಕ್ಕಿ, "ಶಾಣ್ಯಾಕಿ ಅದಿ," ಅಂದರು. ಆ ಮಾತಿಗೆ ನಾನು ಎಷ್ಟು ಹಸಿದಿದ್ದೆ ಅಂದರೆ, ಸುಳ್ಳಿನ ಮೇಲೆ ಬಂದದ್ದು ಅಂತ ಗೊತ್ತಿದ್ದೂ ಸುಖಪಟ್ಟೆ.

ಸರಿ, ಈಗಿನ ಫೋನಿಗೆ ಬರೋಣ. ಅವತ್ತು ಸ್ನೇಹಲ ಕೊನೆಗೆ ಹೇಳಿದ್ದು ಇದು: "ಗೈಡ್ ಮ್ಯಾಡಮ್ ಅಂತಾರ, ಒಂದ ಸ್ಯಾಂಪಲ್ ಕಲಬೆರಕಿ ಆಗಿದ್ರ ಆ ದಿನದ್ದ ಹನ್ನೊಂದೂ ನಂಬಾಕ ಬರೂದಿಲ್ಲ, ಕೈಬಿಡಬೇಕು ಅಂತ. ನಾ ಐತವಾರ ಬರ್ತೇನ್ರಿ. ಹೊಸಾ ಸ್ಯಾಂಪಲ್ ಒಯ್ತೇನಿ. ಉಳದ ಯಾವ ಮನಿ ಮ್ಯಾಲೂ ನನಗ ಅಷ್ಟ ನಂಬಿಗಿ ಇಲ್ಲ, ನಿಮ್ಮನಿ ಮ್ಯಾಲ ಐತಿ. ಅದನ್ನ ಇಟಗೊಂಡ ನೋಡಿದ್ರ ತಪ್ಪ ಎಲ್ಲಾಗೇತಿ ತಿಳೀತೈತಿ."

ಉಳಿದ ಯಾವ ಮನೆಯ ಮೇಲೂ ಇಲ್ಲದ ನಂಬಿಕೆ! ಉಣ್ಣದೆ ಉಳಿದ ಡಬ್ಬಿ ಮುಚ್ಚಿ ಎದ್ದೆ.

ಆಮೇಲೆ ನಾನು ಮಾಡಿದ ಕೆಲಸವನ್ನು ಓದುಗರು ಕ್ಷಮಿಸುತ್ತೀರೋ ಇಲ್ಲವೋ, ಬರೆದುಬಿಡುತ್ತೇನೆ. ಶನಿವಾರ ಅರ್ಧ ದಿನದ ಶಾಲೆ. ಮನೆಗೆ ಬಂದವಳೇ ಬಟ್ಟಲು ಹಿಡಿದು ಮಾಲವ್ವನ ಬಾಗಿಲಿಗೆ ಹೋದೆ. ಹತ್ತೊಂಬತ್ತು ವರ್ಷದ ಹಿಂದೆ ಹೋಗಬೇಕಾಗಿದ್ದ ಬಾಗಿಲಿಗೆ.

"ಹೆಪ್ಪ ಕೊಡ್ರಿ ಮಾಲವ್ವ."

"ಅಯ್ಯ, ನಿಮ್ಮ ಮನಿದ ನಿಮಗ ಕೊಡಾಕ ಏನ ಕೇಳ್ತೀರಿ!" ಅಂದಳು. ಚಮಚ ಕೇಳಿದರೆ ಅರ್ಧ ಬಟ್ಟಲು ಹಾಕಿದಳು. ಯಾಕೆ, ಏನು ಅಂತ ಒಂದು ಮಾತು ಕೇಳಲಿಲ್ಲ. ಇಷ್ಟಕ್ಕೆ ನಾನು ಅಷ್ಟು ವರ್ಷ ಅಂಜಿದ್ದೆ.

ಮನೆಯಲ್ಲಿದ್ದ ಮೊಸರನ್ನೆಲ್ಲ ಚೆಲ್ಲಿ, ಗಡಿಗೆಗೆ ಕುದಿಯುವ ನೀರು ಹಾಕಿ ತೊಳೆದು, ಮಾಲವ್ವನ ಹೆಪ್ಪು ಹಾಕಿದೆ. ನನ್ನ ಲೆಕ್ಕ ಸರಳವಾಗಿತ್ತು. ಈಗ ಗಡಿಗೆಯಲ್ಲಿರುವುದು ಅತ್ತೆಯ ನಿಜವಾದ ಹೆಪ್ಪು. ಹುಡುಗಿ ಅದನ್ನು ಒಯ್ಯುತ್ತಾಳೆ. ನಿಜವಾದದ್ದು ಬರುತ್ತದೆ. ಎಲ್ಲ ಸರಿಹೋಗುತ್ತದೆ. ಅತ್ತೆಗೂ ಗೊತ್ತಾಗುವುದಿಲ್ಲ. ಭಾನುವಾರ ಸ್ನೇಹಲ ಬಂದಳು, ಸಣ್ಣ ಟ್ಯೂಬಿನಲ್ಲಿ ಮೊಸರು ತುಂಬಿಕೊಂಡಳು, ಅಜ್ಜಿಯ ಕಾಲಿಗೆ ನಮಸ್ಕಾರ ಮಾಡಿ ಹೋದಳು. ನಾನು ಚಕ್ಕುಲಿ ಕಟ್ಟಿಕೊಟ್ಟೆ.

ಇತಿಹಾಸ ಕಲಿಸುವವಳು ನಾನು. ಹಳೆಯ ಕಾಗದ ತಿದ್ದಿದರೆ ಏನಾಗುತ್ತದೆ ಅಂತ ಮಕ್ಕಳಿಗೆ ವರ್ಷಾ ವರ್ಷಾ ಹೇಳುತ್ತೇನೆ. ನನ್ನ ಅಡುಗೆಮನೆಯಲ್ಲಿ ಆ ಬುದ್ಧಿ ಎಲ್ಲಿ ಹೋಗಿತ್ತೋ!

ಮೂರು ವಾರ ಕಳೆದು ಸುಜಾತಕ್ಕನ ಫೋನು. ಅವರು ಅಳುವವರಲ್ಲ. ಅಳುತ್ತಿದ್ದರು.

"ಸುನಂದಾ, ಹುಡುಗಿ ಎರಡ ದಿನಾತು ಸರಿಯಾಗಿ ಉಂಡಿಲ್ಲ. ಪಿಎಚ್.ಡಿ. ಬಿಡ್ತೇನಿ ಅನ್ನಾಕತ್ತಾಳ. ಹೊಸಾ ಸ್ಯಾಂಪಲ್ ಬ್ಯಾರೆ ಬಂದೇತಂತ, ಹಳೇದ ಬ್ಯಾರೆ. ಅಂದ ಮ್ಯಾಲ ಹಳೇದು ಈಕೀನ ಕೆಡಿಸ್ಯಾಳ ಅಂತ ಪಕ್ಕಾ ಆತು. ಹನ್ನೊಂದು ಸ್ಯಾಂಪಲ್ ಹೋದುವು. ಎರಡ ವರ್ಷದ ಕೆಲಸ ಹೋತು. ಆ ಮ್ಯಾಡಮ್ ಎಲ್ಲಾರ ಮುಂದ ಕೇಳ್ಯಾರ, ಖರಂ ಸಾಂಗ್, ತೂ ತ್ಯಾ ಘರಿ ಗೇಲೀ ಹೋತೀಸ್ ಕಾ? ಅಂತ."

ನಿಜ ಹೇಳು, ಆ ಮನೆಗೆ ನೀನು ಹೋಗಿದ್ದೆಯಾ? ತನ್ನ ಸ್ವಂತ ಅಜ್ಜಿಯ ಮನೆಗೆ ಹೋಗಿದ್ದೆನೋ ಇಲ್ಲವೋ ಅಂತ ಆ ಹುಡುಗಿ ಉತ್ತರ ಕೊಡಬೇಕಾಗಿತ್ತು. ಅಂಗಡಿಯಿಂದ ಪಾಕೀಟು ತಂದು ಮನೆಯ ಹೆಸರು ಬರೆದಳು ಅನ್ನುವ ಅನುಮಾನ. ನಾನು ಅಂಗಡಿಯಿಂದ ತಂದದ್ದಕ್ಕೆ ಅವಳ ಮೇಲೆ ಆರೋಪ.

ಗಡಿಗೆ ಸರಿಮಾಡಲು ಹೋಗಿ ಹುಡುಗಿಯ ಕುತ್ತಿಗೆಗೆ ತಂದಿದ್ದೆ. ಮರುದಿನ ರಜೆ ಚೀಟಿ ಬರೆದುಕೊಟ್ಟು ಕೊಲ್ಹಾಪುರದ ಬಸ್ಸು ಹತ್ತಿದೆ. ಕಾಗಲದವರೆಗೂ ಏನು ಹೇಳಬೇಕು ಅಂತ ಮನಸ್ಸಿನಲ್ಲೇ ಬರೆದು ಬರೆದು ಅಳಿಸಿದೆ.

ಲ್ಯಾಬು ಅಂದರೆ ನಾನು ದೊಡ್ಡದೇನೋ ಅಂದುಕೊಂಡಿದ್ದೆ. ಒಂದು ಉದ್ದನೆಯ ಕೋಣೆ, ಹಳೆಯ ಫ್ರಿಜ್ಜುಗಳು, ಕಿಟಕಿಯಲ್ಲಿ ಒಣಗಲು ಇಟ್ಟ ಗಾಜಿನ ಸಾಮಾನು. ಬಿಳಿ ಏಪ್ರನ್ ಹಾಕಿಕೊಂಡ ಸ್ನೇಹಲ ನನ್ನನ್ನು ಕಂಡು ಗಾಬರಿಯಾದಳು. "ಅಜ್ಜಿಗೆ ಏನರೆ ಆತೇನ್ರಿ?" ಅಂದಳು. ಅಷ್ಟು ಸಂಕಟದಲ್ಲೂ ಅವಳ ಬಾಯಿಂದ ಬಂದದ್ದು ಅಜ್ಜಿಯ ಮಾತು. ನನಗೆ ಕಣ್ಣು ತುಂಬಿ ಬಂತು.

ಗೈಡ್ ಮ್ಯಾಡಮ್ ನನ್ನ ವಯಸ್ಸಿನವರೇ. ಕೂರಿಸಿದರು, ನೀರು ಕೊಟ್ಟರು. ನಾನು ಮರಾಠಿಯಲ್ಲಿ ಎಲ್ಲ ಹೇಳಿದೆ. ಮಜ್ಜಿಗೆ, ಅಂಗಡಿಯ ಕಪ್ಪು, ಫಾರ್ಮಿನ ಮೇಲಿನ ಸಹಿ, ಶನಿವಾರ ಮಾಲವ್ವನ ಮನೆಯಿಂದ ತಂದದ್ದು, ಎಲ್ಲ. ಸ್ನೇಹಲ ಬಾಗಿಲ ಹತ್ತಿರ ನಿಂತೇ ಇದ್ದಳು.

ಮ್ಯಾಡಮ್ ಬೈಯಲಿಲ್ಲ. ಪೆನ್ನು ತೆಗೆದರು. "ಅಂಗಡಿಯಿಂದ ತಂದದ್ದು ಒಂದೇ ಸಲವಾ?" ಅಂತ ಕೇಳಿದರು.

"ಒಂದೇ ಸಲ," ಅಂದೆ.

ಅವರು ಬರೆಯಲಿಲ್ಲ. ಪೆನ್ನು ಹಿಡಿದು ನನ್ನ ಮುಖ ನೋಡುತ್ತ ಕಾದರು.

ನಾಲ್ಕು ಸಲ, ಅಂದೆ ಕೊನೆಗೆ. ಹೌದು, ನಿಮಗೂ ಮೇಲೆ ಒಂದೇ ಕಥೆ ಹೇಳಿದ್ದೇನೆ. ಒಮ್ಮೆ ದಾರಿ ಗೊತ್ತಾದ ಮೇಲೆ ಎರಡನೆಯ ಸಲ ಎದೆ ಧಸಕ್ ಅನ್ನುವುದಿಲ್ಲ. ಮಗನ ಟೈಫಾಯ್ಡಿನಲ್ಲಿ ಒಮ್ಮೆ, ಊರಿಗೆ ಹೋಗಿ ಬಂದಾಗ ಒಮ್ಮೆ, ಕೊನೆಯದು ಸ್ನೇಹಲ ಫಾರ್ಮ್ ತಂದ ವರ್ಷದ ಬೇಸಿಗೆಯಲ್ಲಿ. ಒಬ್ಬರು ಪೆನ್ನು ಹಿಡಿದು ಸುಮ್ಮನೆ ಕಾಯುವ ತನಕ ಆ ಮೂರನ್ನು ನನಗೆ ನಾನೂ ಹೇಳಿಕೊಂಡಿರಲಿಲ್ಲ.

ಅವರು ಎಲ್ಲ ಬರೆದುಕೊಂಡರು. ಸಹಿ ಹಾಕಿಸಿಕೊಂಡರು. ಆಮೇಲೆ ಎದ್ದು ಸ್ನೇಹಲಳ ಹತ್ತಿರ ಹೋಗಿ, ಭುಜದ ಮೇಲೆ ಕೈ ಇಟ್ಟು, "ತುಝೆ ಹಾತ ಸ್ವಚ್ಛ ಆಹೇತ," ಅಂದರು. ನಿನ್ನ ಕೈ ಸ್ವಚ್ಛ ಇದೆ. ಎಲ್ಲರ ಮುಂದೆ ಕೇಳಿದ್ದಕ್ಕೆ ಎಲ್ಲರ ಮುಂದೆಯೇ ಮಾಫಿ ಕೇಳುತ್ತೇನೆ ಅಂತಲೂ ಅಂದರು. ಹುಡುಗಿ ಗೋಡೆಯ ಕಡೆ ಮುಖ ಮಾಡಿ ಅತ್ತಳು. ಕಲಬೆರಕೆ ಆಗಿರಲಿಲ್ಲವಾದ್ದರಿಂದ ಉಳಿದ ಹತ್ತು ಸ್ಯಾಂಪಲ್‌ಗಳು ಉಳಿದವು. ಇಷ್ಟಕ್ಕೆ ಮುಗಿಯಿತು ಅಂತ ನನಗೆ ಸಮಾಧಾನ.

ಎಲ್ಲಿ ಮುಗಿಯುತ್ತದೆ? ನನ್ನನ್ನು ಗೇಟಿನವರೆಗೆ ಬಿಡಲು ಬಂದವಳು ನಡುದಾರಿಯಲ್ಲಿ ನಿಂತಳು.

"ಮಾಮಿ, ನಲವತ್ತ ಮನಿ ಕೇಳೇನ್ರಿ ನಾ. ಹೆಪ್ಪ ತಪ್ಪಿತ್ತೇನ್ರಿ ಅಂತ. ನಲವತ್ತೂ ಮಂದಿ ಇಲ್ಲ ಅಂದಾರ. ಎಲ್ಲಾರೂ ಸಹಿ ಮಾಡ್ಯಾರ." ಆಮೇಲೆ ಕೇಳಿದಳು, "ನಮ್ಮ ಮನ್ಯಾಗ ಹಿಂಗಾತಂದ್ರ, ಅದರಾಗ ಖರೇ ಎಷ್ಟ್ರಿ?"

ನಾಲ್ಕು ವರ್ಷದ ಆ ಓದು ನಿಂತದ್ದು ಹೆಣ್ಣುಮಕ್ಕಳು ಪಡಸಾಲೆಯಲ್ಲಿ ಹೇಳಿದ ಒಂದು "ಇಲ್ಲ" ಅನ್ನುವ ಮಾತಿನ ಮೇಲೆ. ಯಾವ ಯಂತ್ರವೂ ಅದನ್ನು ಪರೀಕ್ಷೆ ಮಾಡಿರಲಿಲ್ಲ. "ಬರ್ತೇನ್ರಿ," ಅಂತ ಅವಳು ಒಳಗೆ ಹೋದಳು. ಹಿಂದೆಲ್ಲ ಸ್ಟ್ಯಾಂಡಿನವರೆಗೂ ಬರುತ್ತಿದ್ದವಳು.

ಮರುದಿನ ಬೆಳಿಗ್ಗೆ ಅತ್ತೆಗೆ ಹೇಳಿದೆ. ಒಲೆಯ ಮುಂದೆ, ಹಾಲು ಆರಲು ಇಟ್ಟಿದ್ದಾಗ. ಸ್ನೇಹಲಳಿಂದಲೋ ಸುಜಾತಕ್ಕನಿಂದಲೋ ತಿಳಿಯುವ ಮೊದಲು ನನ್ನ ಬಾಯಿಂದಲೇ ತಿಳಿಯಲಿ ಅಂತ. ಎಲ್ಲ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ:

"ಮಾಲವ್ವನ ಮನ್ಯಾಗ ಕೇಳಾಕ ಏನಾಗಿತ್ತ ನಿನಗ?"

"ನಿಮ್ಮ ಅಂಜಿಕಿರಿ ಅತ್ತಿ."

ಅವರು ಎದ್ದು ಹೋದರು. ಅವತ್ತಿನಿಂದ ಎಂಟು ದಿನ ಮೊಸರು ಮುಟ್ಟಲಿಲ್ಲ. ಸಾರಿನಲ್ಲೇ ಉಂಡು ಏಳುತ್ತಿದ್ದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಐವತ್ತು ವರ್ಷ ಎದೆಯೆತ್ತಿ ಹೇಳಿಕೊಂಡ ಒಂದು ಮಾತನ್ನು ಈ ವಯಸ್ಸಿನಲ್ಲಿ ಅವರ ಕೈಯಿಂದ ಕಿತ್ತುಕೊಂಡೆ ಅನ್ನುವ ಸಂಕಟಕ್ಕೆ ಆ ಎಂಟು ದಿನ ನನಗೂ ಮೊಸರು ಸೇರಲಿಲ್ಲ. ಗಡಿಗೆಯಲ್ಲಿದ್ದದ್ದು ಈಗ ಅವರದೇ ಹೆಪ್ಪು ಅಂತ ಹೇಳಲು ಹೋದೆ. ಕೈ ಎತ್ತಿ ಸುಮ್ಮನಿರಿಸಿದರು.

ಹೋದ ಭಾನುವಾರ ಸ್ನೇಹಲ ಬಂದಳು. ನಾನು ಬಾಗಿಲಲ್ಲಿ ತಡವರಿಸಿದೆ. "ನೀರ ಕೊಡ್ರಿ ಮಾಮಿ, ಬಿಸಲ ಭಾಳ ಐತಿ," ಅಂದಳು, ಎಂದಿನ ಹಾಗೆ. ಕೈಯಲ್ಲಿ ಹೊಸ ಫಾರ್ಮು. ನಲವತ್ತೂ ಮನೆಗೆ ಮತ್ತೆ ಹೋಗುತ್ತಾಳಂತೆ. ಒಂದು ವರ್ಷ ಹೆಚ್ಚು ಹಿಡಿಯುತ್ತದೆ. ಮ್ಯಾಡಮ್ ಒಪ್ಪಿದ್ದಾರೆ. ಸುಜಾತಕ್ಕ ಇನ್ನೊಂದು ಸಂಬಂಧ ವಾಪಸ್ಸು ಕಳಿಸಿದ್ದಾರೆ.

ಫಾರ್ಮಿನಲ್ಲಿ ಪ್ರಶ್ನೆ ಬದಲಾಗಿತ್ತು. ಹೆಪ್ಪು ಎಂದಾದರೂ ತಪ್ಪಿತ್ತೇ ಅಂತ ಹಳೆಯದರಲ್ಲಿ ಇತ್ತು. ಹೊಸದರಲ್ಲಿ ಹೀಗಿತ್ತು: ಹೆಪ್ಪು ತಪ್ಪಿದಾಗ ಎಲ್ಲಿಂದ ತರುತ್ತೀರಿ?

ನೋಡಿ, ಎಷ್ಟು ಸಣ್ಣ ಬದಲು! ಮೊದಲನೆಯದಕ್ಕೆ ಉತ್ತರ ಕೊಡಬೇಕಾದರೆ ಮರ್ಯಾದೆ ಅಡವಿಡಬೇಕು. ಎರಡನೆಯದರಲ್ಲಿ ತಪ್ಪುವುದು ಎಲ್ಲರ ಮನೆಯ ಮಾತು ಅಂತ ಕೇಳುವವಳೇ ಒಪ್ಪಿಕೊಂಡು ಕುಳಿತಿದ್ದಾಳೆ. ಮಕ್ಕಳಿಗೆ ನಾವು ಹೇಗೆ ಕೇಳುತ್ತೇವೆ? ಹೋಂವರ್ಕ್ ಮಾಡಿದ್ದೀಯೋ ಇಲ್ಲವೋ? ಗಂಡನಿಗೆ? ಸೊಸೆಗೆ? ಸುಳ್ಳು ಹೇಳಿ ಪಾರಾಗು ಅಂತ ದಾರಿ ತೋರಿಸಿಕೊಟ್ಟೇ ಕೇಳುತ್ತೇವೆ, ಆಮೇಲೆ ಸುಳ್ಳು ಹೇಳಿದರು ಅಂತ ಕೂಗಾಡುತ್ತೇವೆ.

ಸ್ನೇಹಲ ಅಜ್ಜಿಯ ಮುಂದೆ ಕುಳಿತು ಹೊಸ ಪ್ರಶ್ನೆ ಓದಿದಳು. "ಅಜ್ಜಿ, ನೀ ಹೆಪ್ಪ ಹಾಕ್ತಿದ್ಯಲ್ಲ, ಮಾಮಿ ಬರೂಕ್ಕಿಂತ ಮದ್ಲ. ಆವಾಗ ತಪ್ಪಿದ್ರ ಎಲ್ಲಿಂದ ತರ್ತಿದ್ದಿ?"

ನಾನು ಅಡುಗೆಮನೆಯ ಬಾಗಿಲಲ್ಲಿ ಇದ್ದೆ. ಅತ್ತೆ ಸಿಡುಕುತ್ತಾರೆ, ನನ್ನ ಕೈಯಾಗ ಎಂದೂ ತಪ್ಪಿಲ್ಲ ಅನ್ನುತ್ತಾರೆ ಅಂದುಕೊಂಡೆ. ಅವರು ಕಾಲಿನ ಮೇಲಿನ ಸೀರೆಯ ನೆರಿಗೆ ಸವರುತ್ತ ಬಹಳ ಹೊತ್ತು ಕುಳಿತರು. ಆಮೇಲೆ ತಲೆ ಎತ್ತಿ ನನ್ನ ಕಡೆ ನೋಡಿದರು.

"ನೀ ಸ್ವಲ್ಪ ಹೊರಗ ಹೋಗವಾ," ಅಂದರು.

ಹೋಗು ಅನ್ನಲಿಲ್ಲ. ಹೋಗವಾ ಅಂದರು.

ಹೊರಗೆ ಕಟ್ಟೆಯ ಮೇಲೆ ಕುಳಿತೆ. ಒಳಗೆ ಅತ್ತೆಯ ದನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಒಂದು ತಾಸಿನ ಮೇಲಾಯಿತು. ನಡುವೆ ಒಮ್ಮೆ ನಕ್ಕಂತೆ ಕೇಳಿತು. ಒಮ್ಮೆ ಏನೂ ಕೇಳಲಿಲ್ಲ. ಮಾಲವ್ವ ತನ್ನ ಬಾಗಿಲಿಂದ, "ಯಾಕ್ರಿ, ಹೊರಗ ಕುಂತೀರಿ?" ಅಂದಳು. ಸುಮ್ಮನೆ ಗಾಳಿಗೆ ಅಂದೆ.

ಸ್ನೇಹಲ ಹೊರಗೆ ಬಂದಾಗ ಕಣ್ಣು ಕೆಂಪಗಿದ್ದವು, ಮುಖ ಹಗುರವಾಗಿತ್ತು. "ಏನಂದ್ರು?" ಅಂತ ಕೇಳದೆ ಇರಲಾಗಲಿಲ್ಲ.

"ಅದನ್ನ ಹೇಳಾಕ ಬರೂದಿಲ್ರಿ ಮಾಮಿ. ನೀವು ಹೇಳಿದ್ದೂ ಅಜ್ಜಿಗೆ ನಾ ಹೇಳಿದ್ದಿಲ್ಲ," ಅಂದಳು. ಫಾರ್ಮನ್ನು ಮಡಚಿ ಬ್ಯಾಗಿನೊಳಗೆ ಇಟ್ಟಳು. ಇನ್ನು ಮೇಲೆ ಪ್ರತಿ ಮನೆಯಲ್ಲೂ ಹೆಣ್ಣುಮಕ್ಕಳನ್ನು ಒಬ್ಬೊಬ್ಬರನ್ನಾಗಿಯೇ ಮಾತಾಡಿಸುತ್ತಾಳಂತೆ. ಅತ್ತೆಯನ್ನು ಕೇಳುವಾಗ ಸೊಸೆ ಹೊರಗೆ. ಸೊಸೆಯನ್ನು ಕೇಳುವಾಗ ಅತ್ತೆ ಹೊರಗೆ. ಇದನ್ನು ಯಾವ ಪುಸ್ತಕದಲ್ಲೂ ಓದಲಿಲ್ಲ, ನಿಮ್ಮ ಮನೆಯಲ್ಲೇ ಕಲಿತೆ ಅಂದಳು. ಆ ಮಾತಿನಲ್ಲಿ ಸಿಟ್ಟು ಇತ್ತೋ ಇಲ್ಲವೋ, ನನಗೆ ತಿಳಿಯಲಿಲ್ಲ.

ಅವತ್ತು ಸಂಜೆ ಊಟಕ್ಕೆ ಕುಳಿತಾಗ ಅತ್ತೆ ತಾಟು ಮುಂದೆ ಸರಿಸಿ, "ಮೊಸರ ಹಾಕ," ಅಂದರು. ಹಾಕಿದೆ. ಕಲೆಸಿಕೊಂಡು ಉಂಡರು. ಚೆನ್ನಾಗಿದೆ ಅನ್ನಲಿಲ್ಲ, ಕೆಟ್ಟಿದೆ ಅನ್ನಲಿಲ್ಲ. ಅವರು ಮೊಮ್ಮಗಳಿಗೆ ಏನು ಹೇಳಿದರು ಅಂತ ನಾನು ಕೇಳುವುದಿಲ್ಲ. ನನಗೆ ಚುಚ್ಚುತ್ತಿರುವುದು ಬೇರೆ. ಅತ್ತೆಯ ಅಂಜಿಕೆಯಿಂದ ನಾನು ಹತ್ತೊಂಬತ್ತು ವರ್ಷ ಬಾಯಿ ಬಿಡಲಿಲ್ಲ, ಸರಿ. ಆದರೆ ಅಷ್ಟೂ ವರ್ಷ ಅವರೂ ಬಾಯಿ ಬಿಡದಂತೆ ಅದೇ ಮನೆಯಲ್ಲಿ ಅವರೆದುರು ಕುಳಿತಿದ್ದವಳು ನಾನೇ ಅಂತ ನನಗೆ ಯಾಕೆ ಹೊಳೆಯಲಿಲ್ಲ?

ನಿಮ್ಮ ಮನೆಯಲ್ಲಿ ಒಬ್ಬರು ನಿಜ ಹೇಳಬೇಕಾದರೆ ಯಾರು ಎದ್ದು ಹೊರಗೆ ಹೋಗಬೇಕು?